ಚನ್ನವೀರನ ಮನೆ ಮುಂದೆ ಹುಲ್ಲು ಬೆಳೆದದ್ದು

ಚನ್ನವೀರನಿಗೆ ಹುಲ್ಲಿನ ಹುಚ್ಚು ಹತ್ತಿದ್ದು ಅವನ ಸಾಹುಕಾರರ ಹೊಸ ಮನೆಯ ಗೃಹಪ್ರವೇಶದ ದಿನ, ಎರಡನೆಯ ಹೋಳಿಗೆಯ ಮೇಲೆ ತುಪ್ಪ ಬೀಳುವ ಹೊತ್ತಿಗೆ. ಅಲ್ಲಿಯತನಕ ಅವನಿಗೆ ಯಾವ ಹುಚ್ಚೂ ಇರಲಿಲ್ಲ. ಹುಚ್ಚು ಹಿಡಿಯಲಿಕ್ಕೂ ಪುರುಸೊತ್ತು ಬೇಕಲ್ಲ. ರಾಯಚೂರಿನ ಅಕ್ಕಿ ಗಿರಣಿಯೊಂದರಲ್ಲಿ ಲಾರಿ ತೂಗಿಸುವುದು ಅವನ ಕೆಲಸ. ನೆಲ್ಲಿನ ಲಾರಿ ಒಳಗೆ, ಅಕ್ಕಿಯ ಲಾರಿ ಹೊರಗೆ, ತೌಡಿನ ಧೂಳು ಮೂಗಿನೊಳಗೆ. ಹೀಗೇ ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಉಳಿದರ್ಧವನ್ನು ತೌಡು ಬೆಳ್ಳಗೆ ಮಾಡಿತ್ತು.

ಸಾಹುಕಾರರ ಕಾಂಪೌಂಡಿನ ಉದ್ದಕ್ಕೂ ಎದೆಯೆತ್ತರದ ಹುಲ್ಲಿನ ಗುಂಪುಗಳು ನಿಂತಿದ್ದವು. ತುದಿಗೆ ನರಿಯ ಬಾಲದಂಥ ನಸುಗೆಂಪು ತೆನೆಗಳು. ಗಾಳಿ ಬಂದರೆ ಎಲ್ಲವೂ ಕೂಡಿ ಬಾಗುತ್ತಿದ್ದವು, ಕೂಡಿ ಏಳುತ್ತಿದ್ದವು.

“ಆರ್ನಮೆಂಟಲ್ ಗ್ರಾಸು,” ಎಂದರು ಸಾಹುಕಾರರು. “ಹೈದರಾಬಾದಿಂದ ತರ್ಸೀನಿ.”

“ಇದರಿಂದ ಏನ್ ಬರ್ತದ್ರಿ, ಸಾವ್ಕಾರ್ರ?”

“ಏನೂ ಬರಂಗಿಲ್ಲ. ಬರೇ ನೋಡೂದು.”

ಚನ್ನವೀರ ಹೋಳಿಗೆ ಮರೆತ. ಹುಟ್ಟಿದಾಗಿನಿಂದ ಅವನು ನೋಡಿದ್ದೆಲ್ಲ ತೂಗುವ, ಚೀಲಕ್ಕೆ ತುಂಬುವ, ತಿನ್ನುವ ಪದಾರ್ಥವೇ. ಏನೂ ಬಾರದ, ಯಾರೂ ತೂಗದ ಬೆಳೆಯೊಂದು ಭೂಮಿಯ ಮೇಲೆ ಉಂಟೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಊಟ ಮುಗಿದ ಮೇಲೆ ತೋಟದವನನ್ನು ಹಿಡಿದು, ಮಿಕ್ಕಿದ ಏಳು ಗುಂಪುಗಳನ್ನು ಬೇಡಿಕೊಂಡು, ಲಗೇಜ್ ಆಟೋದಲ್ಲಿ ಹಾಕಿಕೊಂಡು ಮನೆಗೆ ಬಂದ.

ಮನೆಯಲ್ಲಿ ಹೆಂಡತಿ ಉಮಾಶ್ರೀ ಇರಲಿಲ್ಲ. ತಂಗಿಯ ಬಾಣಂತನಕ್ಕೆಂದು ಮಾನ್ವಿಯ ತವರಿಗೆ ಹೋಗಿದ್ದಳು. ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆಟೋ ಅಲ್ಲಿಂದಲ್ಲೇ ತಿರುಗಿ ಹೋಗುತ್ತಿತ್ತು.

ಈಗ ಒಂದೇ ಒಂದು ಅಡಚಣೆ. ಬಾಗಿಲ ಮುಂದಿನ ಚಿಕ್ಕ ಅಂಗಳದ ನಟ್ಟನಡುವೆ ಒಂದು ಮಲ್ಲಿಗೆ ಗಿಡವಿತ್ತು. ಅದು ಸಾದಾ ಗಿಡವಲ್ಲ. ಅತ್ತೆ ಮಹಾಂತಮ್ಮ ಮಾನ್ವಿಯಿಂದ ಹಸಿ ಗೋಣಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ತಂದು, ಈ ಮನೆಯ ಗೃಹಪ್ರವೇಶದಂದು ತನ್ನ ಕೈಯಿಂದ ನೆಟ್ಟದ್ದು. ಬಂದಾಗಲೆಲ್ಲ ಆಕೆ ಮೊದಲು ಗಿಡದ ಹತ್ತಿರ ಬಗ್ಗಿ ನೋಡುತ್ತಿದ್ದಳು, ಆಮೇಲೆ ಮಗಳ ಮುಖ ನೋಡುತ್ತಿದ್ದಳು, ಕಡೆಗೆ ನೀರು ಕುಡಿಯುತ್ತಿದ್ದಳು. “ಇದು ಚೆಂದ ಇದ್ರ ನನ್ನ ಮಗಳ ಸಂಸಾರ ಚೆಂದ ಅದ ಅಂತ ನನಗ ತಿಳೀತದ,” ಎಂದು ಅಳಿಯನ ಎದುರೇ ಹೇಳುತ್ತಿದ್ದಳು. ಉಮಾಶ್ರೀಯಂತೂ ಆ ಗಿಡಕ್ಕೆ ನೀರು ಹಾಕದೆ ತಾನು ಚಹಾ ಕುಡಿದವಳಲ್ಲ.

“ಕಿತ್ತು ಒಗಿಯಾಕತ್ತಿಲ್ಲಲ್ಲ, ಹಿಂದಕ್ಕ ಹಚ್ಚಾಕತ್ತೀನಿ,” ಎಂದು ಚನ್ನವೀರ ಗಿಡಕ್ಕೇ ಸಮಜಾಯಿಷಿ ಹೇಳಿ, ಅದನ್ನು ಅಗೆದು ಬಚ್ಚಲದ ಹಿಂದೆ ನೆಟ್ಟ. ಗಿಡ ಸಮಜಾಯಿಷಿ ಒಪ್ಪಲಿಲ್ಲ. ಮರುದಿನ ತಲೆ ಬಾಗಿಸಿತು. ಆಮೇಲೆ ಎಲೆ ಉದುರಿಸಿತು. ಕಡೆಗೆ ಕಟ್ಟಿಗೆಯಾಗಿ ನಿಂತಿತು.

ಸಂಜೆಗೊಮ್ಮೆ ಉಮಾಶ್ರೀಯ ಫೋನು.

“ಮಲ್ಲಿಗಿಗೆ ನೀರ್ ಹಾಕೀರೇನ್ರಿ?”

“ಹಾಕೀನಿ.” ಇದು ಖರೆ. ಕಟ್ಟಿಗೆಗೂ ಅವನು ದಿನಾಲು ಕೊಡದಿಂದ ನೀರು ಹಾಕುತ್ತಿದ್ದ.

“ಮೊಗ್ಗು?”

“ಬರಾಕತ್ತಾವ.”

ಇದು ಖರೆಯಲ್ಲವೆಂದು ಬೇರೆ ಹೇಳಬೇಕಿಲ್ಲ. ಫೋನಿಟ್ಟ ಮೇಲೆ ಅವನು ಬಚ್ಚಲದ ಹಿಂದೆ ಹೋಗಿ ಕಟ್ಟಿಗೆಯನ್ನು ಬಗ್ಗಿ ನೋಡುತ್ತಿದ್ದ. ಉಮಾಶ್ರೀ ಬರುವುದರೊಳಗೆ ಅದು ಚಿಗುರದಿದ್ದರೆ ಅವಳಿಗೆ ಏನು ಹೇಳುವುದು? ಅವಳು ತಾಯಿಗೆ ಏನು ಹೇಳುವುದು? ಕಟ್ಟಿಗೆ ಕಣ್ಣಿಗೆ ಬೀಳದಿರಲೆಂದು ಅದರ ಮೇಲೆ ಒಂದು ಬುಟ್ಟಿ ಬೋರಲು ಹಾಕಿದ. ನೀರನ್ನು ಬುಟ್ಟಿಯ ಮೇಲೆಯೇ ಸುರಿಯತೊಡಗಿದ.

ಮುಂದಿನ ಹುಲ್ಲು ಮಾತ್ರ ತವರಿಗೆ ಬಂದ ಮಗಳಂತೆ ಮೈದುಂಬಿಕೊಂಡಿತು. ಹಿಂಗಾರು ಮಳೆ ಎರಡು ಬಿದ್ದದ್ದೇ ತಡ, ಗೇಟು ಮುಚ್ಚಿತು, ಕಿಟಕಿ ಮುಚ್ಚಿತು, ಮನೆಯ ನಂಬರಿನ ಹಲಗೆ ಮುಚ್ಚಿತು.

ಪಕ್ಕದ ಮನೆಯ ಗುಲಾಮ್ ದಸ್ತಗೀರ್ ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. ಗೋಡೆಯ ಮೇಲೆ ಮೊಳಕೈ ಊರಿ, ಬ್ರೇಕಿನ ಮೇಲೆ ಕಾಲಿಟ್ಟವರಂತೆ ನಿಂತು ಕೇಳಿದರು: “ಅರೇ ಚನ್ನವೀರಪ್ಪ, ಎಮ್ಮಿ ಯಾವಾಗ ತರ್ತಿ?”

“ಎಮ್ಮಿ ಎಲ್ಲೀದ್ರೀ ಸಾಬ್ರ?”

“ಮತ್ತ ಈ ಮೇವು?”

“ಮೇವಲ್ರೀ ಇದು. ಅಲಂಕಾರ.”

“ಯಾರಿಗೆ ಅಲಂಕಾರ?”

“ಮನಿಗೆ.”

ದಸ್ತಗೀರರು ಬಹಳ ಹೊತ್ತು ಹುಲ್ಲನ್ನೇ ನೋಡಿದರು. ಬಳಿಕ ನಕ್ಕು, “ಹೇಳಬ್ಯಾಡ ಬಿಡು. ದೃಷ್ಟಿ ಆಗ್ತದಂತ ಮುಚ್ಚಿಡಾಕತ್ತಿ. ಬರ್ಲಿ, ಬಂದ ಮ್ಯಾಲ ನೋಡ್ತೀವಿ,” ಎಂದು ಒಳಗೆ ಹೋದರು. ಅಂದಿನಿಂದ ದಿನಾ ಸಂಜೆ ಗೋಡೆಯಾಚೆಯಿಂದ ಒಂದೇ ಪ್ರಶ್ನೆ: “ಬಂತೇನು?”

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ಕಡೆ ನಳದ ಹತ್ತಿರ ಹೆಂಗಸರು ಜಗಳಕ್ಕೆ ನಿಂತರೆ ಬೈಗುಳದ ಬುಟ್ಟಿಯ ತಳದಲ್ಲಿ ಒಂದು ಶಾಪವಿರುತ್ತದೆ. ಸುಮ್ಮಸುಮ್ಮನೆ ಅದನ್ನು ಹೊರಗೆ ತೆಗೆಯುವುದಿಲ್ಲ. “ನಿನ್ನ ಬಾಗಲ ಮುಂದ ಹುಲ್ಲ ಹುಟ್ಟಲೇ!” ಎಂದರೆ ಮುಗಿಯಿತು, ಅದರಾಚೆ ಮಾತಿಲ್ಲ, ಕೊಡಗಳೇ ಮಾತಾಡುತ್ತವೆ. ಬಾಗಿಲ ಮುಂದೆ ಹುಲ್ಲೆಂದರೆ ಕಸ ಹೊಡೆಯುವ ಕೈಯಿಲ್ಲ, ನೀರು ಚಿಮುಕಿಸುವವರಿಲ್ಲ, ರಂಗೋಲಿಯಿಲ್ಲ, ಮನೆಯಲ್ಲಿ ಮನುಷ್ಯರೇ ಇಲ್ಲ. ಚನ್ನವೀರನಿಗೂ ಇದು ಗೊತ್ತಿತ್ತು. ಆದರೆ ಹೈದರಾಬಾದಿನ ಹುಲ್ಲಿಗೆ ನಮ್ಮ ನಳದ ಶಾಪ ತಗಲುವುದಿಲ್ಲವೆಂದು ಅವನ ಅಂದಾಜು.

ಅಂದಾಜು ತಪ್ಪಿತ್ತು. ಮನೆಮನೆಗೆ ಏನೋ ಗಣತಿ ಮಾಡುತ್ತ ಬಂದವನೊಬ್ಬ ಹುಲ್ಲನ್ನು ನೋಡಿ ಗೇಟು ಕೂಡ ಮುಟ್ಟದೆ, ಅದರ ಕಂಬದ ಮೇಲೆ ಸೀಮೆಸುಣ್ಣದಿಂದ ‘ಬೀಗ’ ಎಂದು ದೊಡ್ಡದಾಗಿ ಬರೆದು ಮುಂದೆ ಹೋದ. ಅದನ್ನು ಓದಿ ಗ್ಯಾಸ್ ಸಿಲಿಂಡರಿನವನು ಹಿಂದಕ್ಕೆ ಹೋದ. ಬೀದಿಯ ನಾಯಿಯೊಂದು ಓದದೆಯೇ ಅರ್ಥ ಮಾಡಿಕೊಂಡು ಹುಲ್ಲಿನೊಳಗೆ ಮರಿ ಹಾಕಿತು. ಬೆಳಿಗ್ಗೆ ಒಳಗಿನಿಂದ ಹೊರಗೆ ಹೋಗುವ, ಸಂಜೆ ಹುಲ್ಲನ್ನೇ ನೋಡುತ್ತ ಒಳಗೆ ಬರುವ ಚನ್ನವೀರನಿಗೆ ಮಾತ್ರ ಕಂಬದ ಹೊರಮೈ ಕಾಣುತ್ತಿರಲಿಲ್ಲ.

ಇಂಥ ಮನೆಯ ಮುಂದೆ ಒಂದು ಶನಿವಾರ ಮಧ್ಯಾಹ್ನ ಬಂದು ನಿಂತವನು ಚನ್ನವೀರನ ಸೋದರಮಾವ ಗಡಿಗೆಪ್ಪ. ದೇವದುರ್ಗದವನು. ಹತ್ತಿ ಮಾರಲು ರಾಯಚೂರಿಗೆ ಬಂದವನು ಅಳಿಯನ ಮನೆಯಲ್ಲಿ ಒಂದು ಕಪ್ ಚಹಾ ಕುಡಿದು ಹೋಗೋಣವೆಂದು ಬಂದಿದ್ದ. ಉಮಾಶ್ರೀಯನ್ನು ನೋಡಿ, ಒಪ್ಪಿಸಿ, ಮುಂದೆ ನಿಂತು ಮದುವೆ ಮಾಡಿಸಿದವನೇ ಅವನು. ಈಗ ನೋಡುತ್ತಾನೆ: ರಂಗೋಲಿಯಿಲ್ಲ. ಮಲ್ಲಿಗೆಯಿಲ್ಲ. ಎದೆಯೆತ್ತರ ಹುಲ್ಲು. ಕಂಬದ ಮೇಲೆ ಬೀಗ.

“ಸಾಬ್ರ, ಈ ಮನಿಯವ್ರು?” ಎಂದು ಗೋಡೆಯಾಚೆ ಕೇಳಿದ.

“ಉಮಾ ಬಾಯಿಯವ್ರು ತವರಿಗೆ ಹೋಗ್ಯಾರ. ಭಾಳ ದಿನ ಆತು,” ಎಂದರು ದಸ್ತಗೀರರು.

“ನಮ್ಮ ಹುಡುಗ?”

“ಒಬ್ರ ಅದಾರ ಪಾಪ. ಗಿರಣಿಯಿಂದ ಬಂದು ಹುಲ್ಲಿನ ಜೋಡಿ ಮಾತಾಡ್ತಾರ.”

ಗಡಿಗೆಪ್ಪ ಕಟ್ಟೆಯ ಮೇಲೆ ಕುಸಿದು ಕುಳಿತು ಮಾನ್ವಿಗೆ ಫೋನು ಹಚ್ಚಿದ.

“ತಂಗೀ ಮಹಾಂತಮ್ಮ, ಉಮಾ ಅಲ್ಲೇ ಅದಾಳೇನವ್ವಾ?”

“ಇಲ್ಲೇ ಅದಾಳಣ್ಣ.”

“ಯಾವಾಗ ಕಳಸ್ತಿ?”

“ಕಳಸ್ತೀವಿ ಬಿಡಣ್ಣ, ಅವಸರೇನದ?”

ಆ ‘ಅವಸರೇನದ’ ಗಡಿಗೆಪ್ಪನ ಎದೆಗೆ ಹೋಗಿ ನಾಟಿತು. “ಇಲ್ಲಿ ಬಾಗಲ್ದಾಗ ಮಲ್ಲಿಗಿ ಇಲ್ಲವ್ವ,” ಎಂದ. “ಹುಲ್ಲು ನಿಂತದ.”

ಮಹಾಂತಮ್ಮ ಅಂದಳು: “ನಾಳೆ ಬರ್ತೀವಿ. ನೀವೂ ಹಿರ್ಯಾರ್ನ ಕರಕೊಂಡ್ ಬರ್ರಿ. ಇದು ಫೋನಿನ್ಯಾಗ ಮುಗಿಯೂ ಮಾತಲ್ಲ.”

ಫೋನಿಟ್ಟು ಮಗಳ ಕಡೆ ತಿರುಗಿ, “ಸೀರಿ ಮಡಚಿ ಇಟ್ಕೋ. ಇವತ್ತ ನಿನ್ನ ಗಂಡಗ ಫೋನ್ ಮಾಡಬ್ಯಾಡ,” ಎಂದಳು.

“ಯಾಕಬೇ? ಏನಾತು?”

“ಏನಾತಂತ ನನ್ನ ಕೇಳ್ತಿ? ಇಷ್ಟ್ ದಿನ ನಗನಗತಾ ಇದ್ದೆಲ್ಲಾ, ನಿನ್ನ ಮುಚ್ಚಿಡೂ ಗುಣ ನೋಡಿ ನನ್ನ ಹೊಟ್ಟಿ ಉರೀತದ!”

ಉಮಾಶ್ರೀಗೆ ತಲೆಬುಡ ತಿಳಿಯಲಿಲ್ಲ. ಅಂದು ಸಂಜೆ ಫೋನು ಬಾರದ್ದಕ್ಕೆ ಚನ್ನವೀರನಿಗೆ ಮಾತ್ರ ಪರಮಾನಂದ. ಒಂದು ದಿನದ ಸುಳ್ಳು ಉಳಿಯಿತಲ್ಲ!

ಭಾನುವಾರ ಬೆಳಿಗ್ಗೆ ಅವನು ಹುಲ್ಲು ಬಾಚುತ್ತಿದ್ದ. ಉತ್ಪ್ರೇಕ್ಷೆಯಲ್ಲ. ಒಣ ಎಳೆ ಉದುರಿಸಲು ಈ ಹುಲ್ಲನ್ನು ಬಾಚಬೇಕೆಂದು ತೋಟದವನು ಹೇಳಿದ್ದ. ಉಮಾಶ್ರೀಯ ದೊಡ್ಡ ಹಲ್ಲಿನ ಬಾಚಣಿಕೆ ಹಿಡಿದು, ಏಳರಲ್ಲಿ ಮೂರನೆಯದಕ್ಕೆ ಬೈತಲೆ ತೆಗೆಯುತ್ತಿದ್ದಾಗ ಗೇಟಿನ ಮುಂದೆ ದೇವದುರ್ಗದ ಟಂಟಂ ಆಟೋ ನಿಂತಿತು. ಅದರ ಹಿಂದೆಯೇ ಮಾನ್ವಿಯ ಕ್ರೂಸರ್ ಜೀಪು. ಟಂಟಮ್ಮಿನಿಂದ ಗಡಿಗೆಪ್ಪನೂ ಹೆಗಲ ಮೇಲೆ ಟವೆಲ್ಲಿನ ಇಬ್ಬರು ಹಿರಿಯರೂ ಇಳಿದರು. ಇಂಥ ಹಿರಿಯರು ಎಲ್ಲ ಊರುಗಳಲ್ಲೂ ಇರುತ್ತಾರೆ; ಒಬ್ಬ ಮಾತಾಡುತ್ತಾನೆ, ಇನ್ನೊಬ್ಬ ‘ಖರೇ ಅದ’ ಎನ್ನುತ್ತಾನೆ. ಕ್ರೂಸರಿನಿಂದ ಮಹಾಂತಮ್ಮ, ಉಮಾಶ್ರೀ.

ಎಲ್ಲರೂ ಚನ್ನವೀರನನ್ನು ನೋಡಿದರು. ಚನ್ನವೀರನ ಕೈಯಲ್ಲಿದ್ದ ಬಾಚಣಿಕೆಯನ್ನು ನೋಡಿದರು. ಬೈತಲೆ ತೆಗೆಸಿಕೊಂಡ ಹುಲ್ಲನ್ನು ನೋಡಿದರು.

“ಕೈ ಮೀರ್ಯಾದ,” ಎಂದ ಮೊದಲ ಹಿರಿಯ.

“ಖರೇ ಅದ,” ಎಂದ ಎರಡನೆಯವನು.

ಚನ್ನವೀರನ ಕಣ್ಣು ಮಾತ್ರ ಅತ್ತೆಯ ಮೇಲಿತ್ತು. ಮಹಾಂತಮ್ಮ ಮಲ್ಲಿಗೆ ಇದ್ದ ಜಾಗದಲ್ಲಿ ನಿಂತು, ಯಾರ ಮುಖವನ್ನೂ ನೋಡದೆ ಬಗ್ಗಿ, ಮಣ್ಣು ಮುಟ್ಟಿ, ಬೆರಳು ಉಜ್ಜಿಕೊಂಡಳು. ಅವನ ಜೀವ ಅಂಗಾಲಿಗೆ ಇಳಿಯಿತು. ಗೊತ್ತಾಗಿದೆ! ಎಲ್ಲರಿಗೂ ಮಲ್ಲಿಗೆಯ ಸುದ್ದಿ ಗೊತ್ತಾಗಿ, ನ್ಯಾಯ ಮಾಡಲಿಕ್ಕೇ ಬಂದಿದ್ದಾರೆ!

ಒಳಗೆ ಜಮಖಾನ ಹಾಸಲಾಯಿತು. ಗಂಡಿನ ಕಡೆಯವರು ಒಂದು ಬದಿಗೆ, ಹೆಣ್ಣಿನ ಕಡೆಯವರು ಒಂದು ಬದಿಗೆ. ನಡುವೆ ಎಲೆಅಡಿಕೆಯ ತಟ್ಟೆ. ಉಮಾಶ್ರೀ ಗಂಡನ ಕಡೆ ಕಣ್ಣು ಕೆಕ್ಕರಿಸಿ, “ಏನಂತ ಚಾಡಿ ಹೇಳೀರಿ ಇವರಿಗೆ?” ಎಂದು ಪಿಸುಗುಟ್ಟಿದಳು. ಚನ್ನವೀರ ಕೇಳುವ ಸ್ಥಿತಿಯಲ್ಲಿರಲಿಲ್ಲ.

ಗಡಿಗೆಪ್ಪ ಶುರು ಮಾಡಿದ. “ಲೇ ಚನ್ನ್ಯಾ, ನಾನು ನಿನ್ನ ಸ್ವಾದರ ಮಾವ. ನನ್ನ ಮುಂದ ಮುಚ್ಚಬ್ಯಾಡ. ಏನಾಗ್ಯಾದ, ಬಾಯಿ ಬಿಟ್ಟು ಹೇಳು.”

ಚನ್ನವೀರ ಕೈ ಮುಗಿದ. “ತಪ್ಪು ನಂದೇ ಅದ, ಮಾವ. ಉಮಾಂದೇನೂ ಇಲ್ಲ. ಸಾವ್ಕಾರ್ರ ಮನ್ಯಾಗ ನೋಡಿದೆ. ನೋಡಿದ ಕೂಡ್ಲೆ ಮನಸ್ಸು ಕೈಯಾಗ ಉಳೀಲಿಲ್ಲ.”

ಮೊದಲ ಹಿರಿಯ ನೆಟ್ಟಗೆ ಕುಳಿತ. “ಸಾವ್ಕಾರ್ರ ಮನ್ಯಾಗ? ಹೆಂಗದಾಳ?”

“ಸಪೂರ ಅದಾವ್ರಿ. ಎತ್ತರ. ಗಾಳಿ ಬಂದ್ರ ಬಳಕ್ತಾವ.”

“ಅದಾವ?” ಹಿರಿಯನ ಬಾಯಿಯ ಎಲೆ ಅಲ್ಲೇ ನಿಂತಿತು. “ಎಷ್ಟದಾವಲೇ?”

“ಏಳ್ರಿ. ಆಟೋದಾಗ ಹಾಕ್ಕೊಂಡು ಬಂದೆ.”

“ಶಿವ ಶಿವಾ!” ಎಂದು ಗಡಿಗೆಪ್ಪ ಎರಡೂ ಕಿವಿ ಮುಚ್ಚಿಕೊಂಡ. ಎರಡನೆಯ ಹಿರಿಯ ಹುಟ್ಟಿದಾಗಿನಿಂದ ಮೊದಲ ಸಲ ‘ಖರೇ ಅದ’ ಅನ್ನದೆ, “ಖರೇನಾ?” ಎಂದ.

ಉಮಾಶ್ರೀ ಅಷ್ಟೊತ್ತು ಗಂಡನ ಬಾಯಿಯನ್ನೇ ನೋಡುತ್ತಿದ್ದವಳು ಥಟ್ಟನೆ ಸೆರಗು ಬಾಯಿಗಿಟ್ಟುಕೊಂಡಳು. ಅಳುತ್ತಾಳೆಂದು ಎಲ್ಲರೂ ತಿಳಿದರು. ಅವಳ ಹೆಗಲು ಕುಣಿದವು. ಕಣ್ಣಲ್ಲಿ ನೀರು ಬಂತು. ಕಡೆಗೆ ನಗು ಸೆರಗು ಹರಿದುಕೊಂಡು ಹೊರಗೆ ಬಿತ್ತು. “ಮಾವ, ಅವ್ರು ಹುಲ್ಲಿಂದು ಹೇಳಾಕತ್ತಾರ! ಹೊರಗಿನ ಹುಲ್ಲಿಂದು!”

“ಹುಲ್ಲು ತಾನಾಗೇ ಹುಟ್ಟಿದ್ದಲ್ಲ?” ಎಂದ ಗಡಿಗೆಪ್ಪ.

“ಹಚ್ಚಿದ್ದು, ಮಾವ. ಶೋಕಿಗೆ,” ಎಂದ ಚನ್ನವೀರ.

“ಹುಲ್ಲು? ಶೋಕಿಗೆ?” ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏಳು ಹೆಂಗಸರನ್ನಾದರೂ ನಂಬುತ್ತಿದ್ದರೇನೋ, ಇದನ್ನು ನಂಬುವುದು ಕಷ್ಟವಾಯಿತು. “ಮತ್ತ ಗಂಡ ಹೆಂಡ್ತಿ ಜಗಳ?”

“ಜಗಳ ಎಲ್ಲೀದು?” ಎಂದು ಗಂಡ ಹೆಂಡತಿ ಒಂದೇ ಉಸಿರಿಗೆ ಕೇಳಿದರು.

ನ್ಯಾಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಉಮಾಶ್ರೀಯ ನಗು ಅರ್ಧಕ್ಕೇ ನಿಂತಿತು. ಅವಳು ಬಾಗಿಲ ಕಡೆ ನೋಡಿದಳು. “ಅಲ್ಲ, ಅಲ್ಲಿ ಹುಲ್ಲದ ಅಂದ್ರ... ನನ್ನ ಮಲ್ಲಿಗಿ ಎಲ್ಲದ?”

ಚನ್ನವೀರ ಎದ್ದ. ತಾನಾಗಿ ಪೊಲೀಸ್ ಠಾಣೆಗೆ ಹೋಗುವವನಂತೆ ಮುಂದೆ ನಡೆದ. ಹಿಂದೆ ಸಭೆಯೆಲ್ಲ. ಬಚ್ಚಲದ ಹಿಂದೆ ನಿಂತು, ಕಣ್ಣು ಮುಚ್ಚಿ, ಬುಟ್ಟಿ ಎತ್ತಿದ.

ಕಟ್ಟಿಗೆ ಕಟ್ಟಿಗೆಯಾಗಿಯೇ ಇತ್ತು. ಪವಾಡಗಳು ಬಚ್ಚಲದ ಹಿಂದೆ ನಡೆಯುವುದು ಕಡಿಮೆ.

ಉಮಾಶ್ರೀಯ ಮುಖ ಕಪ್ಪಿಟ್ಟಿತು. ಮಹಾಂತಮ್ಮ ಮೊಳಕಾಲೂರಿ ಕುಳಿತಳು. ಕಟ್ಟಿಗೆಯನ್ನು ಬುಡದಿಂದ ತುದಿಯತನಕ ಸವರಿದಳು.

“ಇದು ಸತ್ತದ,” ಎಂದಳು.

“ಹೌದ್ರಿ, ಅತ್ತಿ.”

“ಆದ್ರ ಇದು ನಂದಲ್ಲ.”

ಚನ್ನವೀರ ಕಣ್ಣು ಬಿಟ್ಟ.

“ನಾ ಹಚ್ಚಿದ್ದಕ್ಕ ಬುಡದಾಗ ಎರಡು ಕವಲಿದ್ವು. ಇದಕ್ಕ ಒಂದ ಕಾಲು. ನಂದು ಹಚ್ಚಿದ ವರ್ಷದ ಬ್ಯಾಸಿಗ್ಯಾಗ ಒಣಗಿ ಹೋತು. ಹೌದಿಲ್ಲೋ, ಉಮಾ?”

ಎಲ್ಲರ ಕಣ್ಣು ಉಮಾಶ್ರೀಯ ಮೇಲೆ ತಿರುಗಿದವು. ಈಗ ಕೈ ಮುಗಿಯುವ ಸರದಿ ಅವಳದು. “ನಿನಗ ಗೊತ್ತಿತ್ತೇನಬೇ?” ಎಂದಳು ಸಣ್ಣ ದನಿಯಲ್ಲಿ. “ನೀ ಬರೂದ್ರಾಗ ಬೇರೆ ಹಚ್ಚಿದ್ನಿ. ದಸ್ತಗೀರ್ ಸಾಬ್ರು ಬಸ್ಸಿನ ಟಾಪಿನ ಮ್ಯಾಲ ಹಾಕ್ಕೊಂಡು ತಂದಿದ್ರು. ಇವ್ರಿಗೂ ಹೇಳಿದ್ದಿಲ್ಲ.”

ಚನ್ನವೀರ ಹೆಂಡತಿಯನ್ನು ನೋಡಿದ. ಇಷ್ಟು ದಿನ ತಾನು ಒಬ್ಬನೇ ಕಳ್ಳನೆಂದು ತಿಳಿದಿದ್ದ. ಈಗ ಜೊತೆಗಾರ್ತಿ ಸಿಕ್ಕಿದ್ದಳು. ಮದುವೆಯಾದಾಗಿನಿಂದ ಅವಳು ಅಷ್ಟು ಚೆಂದ ಕಂಡದ್ದು ಅವತ್ತೇ.

“ಮದಲ್ನೇ ಸಲ ಬಂದಾಗ ನೋಡಿದ್ನಿ,” ಎಂದಳು ಮಹಾಂತಮ್ಮ. “ನೋಡಿ ಸುಮ್ನಾದೆ. ತಾಯಿ ಮನಸು ನೋಯಬಾರದಂತ ಗಿಡಾನ ಬದಲಿ ಮಾಡೂ ಹುಡುಗಿ ಸಂಸಾರ ಕೆಡಸ್ಕೊಳ್ಳಾಕಿ ಅಲ್ಲ ಅನಸ್ತು. ಆವಾಗಿಂದ ನಾ ಗಿಡ ನೋಡೂದೇ ಬಿಟ್ಟೀನಿ.”

“ಮತ್ತ ಬಂದ ಕೂಡ್ಲೆ ಬಗ್ಗಿ ಏನ್ ನೋಡ್ತಿದ್ದಿ?”

“ಬುಡದಾಗಿನ ಮಣ್ಣು. ಹಸಿ ಅದನೋ ಒಣಗ್ಯಾದೋ ಅಂತ. ಮನಸು ಕೆಟ್ಟ ಮನ್ಯಾಗ ಯಾರೂ ನೀರ್ ಹಾಕಂಗಿಲ್ಲ.” ಮಹಾಂತಮ್ಮ ಕಟ್ಟಿಗೆಯ ಬುಡಕ್ಕೆ ಬೆರಳು ಒತ್ತಿದಳು. ಬೆರಳು ಕೆಸರಿನೊಳಗೆ ಇಳಿಯಿತು. ಆಕೆಯ ಮುಖದಲ್ಲಿ ನಿಧಾನವಾಗಿ ನಗು ಬಂತು. “ಮುಂದ ಹುಲ್ಲಿನ ಬುಡ ಹಸಿ ಅದ. ಇಲ್ಲಿ ಸತ್ತ ಗಿಡದ ಬುಡಾನೂ ಹಸಿ ಅದ. ಸತ್ತದ್ದಕ್ಕ ದಿನಾ ನೀರ್ ಹಾಕೂ ಅಳಿಯಾರ್ನ ಪಡಿಯಾಕ ಪುಣ್ಯ ಮಾಡಿರಬೇಕು. ಶ್ಯಾಣ್ಯಾ ಅಲ್ಲ ಬಿಡ್ರಿ. ಆದ್ರೂ ಸಾಕು.”

ಚನ್ನವೀರನ ಎದೆಯಿಂದ ಒಂದು ಲಾರಿ ನೆಲ್ಲು ಒಮ್ಮೆಲೇ ಇಳಿಯಿತು. ತೂಗುವ ಕಾಟಾ ಇದ್ದಿದ್ದರೆ ಮುಳ್ಳು ಮುರಿಯುತ್ತಿತ್ತು.

ಆದರೆ ಹಿರಿಯರು ಏಳಲಿಲ್ಲ. ದೇವದುರ್ಗದಿಂದ ಟಂಟಂ ಮಾಡಿಕೊಂಡು ಬಂದವರು. ನ್ಯಾಯ ಹೇಳದೆ ಹೋದರೆ ಊರಲ್ಲಿ ಏನು ಮರ್ಯಾದೆ? “ಬಂದೀವಂದ್ರ ತೀರ್ಪು ಆಗಬೇಕು,” ಎಂದ ಮೊದಲ ಹಿರಿಯ. ಎಲೆ ಜಗಿದು, ಯೋಚಿಸಿ, ತೀರ್ಪು ಕೊಟ್ಟ: “ಹುಲ್ಲು ಇರಲಿ. ಆದ್ರ ದಿನಾ ಹೊತ್ತು ಮೂಡೂದ್ರಾಗ ಅದರ ಮುಂದ ಕಸ ಹೊಡ್ದು, ನೀರ್ ಚಿಮುಕ್ಸಿ, ರಂಗೋಲಿ ಹಾಕಬೇಕು. ನೋಡಿದವ್ರಿಗೆ ಇದು ಹಾಳು ಬಿದ್ದ ಹುಲ್ಲಲ್ಲ, ಸಾಕಿದ ಹುಲ್ಲು ಅಂತ ತಿಳೀಬೇಕು. ರಂಗೋಲಿ ಹುಲ್ಲು ತಂದಾವನ ಹಾಕಬೇಕು.”

“ನನಗ ರಂಗೋಲಿ ಬರಂಗಿಲ್ರಿ,” ಎಂದ ಚನ್ನವೀರ.

“ಹುಲ್ಲಿಗೆ ಬೈತಲಿ ತಗ್ಯಾಕ ಬರ್ತದ, ಇದು ಬರಂಗಿಲ್ಲೇನು?” ಎಂದಳು ಉಮಾಶ್ರೀ. “ಮದ್ಲು ನನ್ನ ಬಾಚಣಿಕಿ ಕೊಡ್ರಿ.”

“ಖರೇ ಅದ,” ಎಂದ ಎರಡನೆಯ ಹಿರಿಯ.

ಗಡಿಗೆಪ್ಪ ಹೊರಗೆ ಹೋಗಿ ತನ್ನ ಟವೆಲ್ಲಿನಿಂದಲೇ ಕಂಬದ ಮೇಲಿನ ‘ಬೀಗ’ ಒರೆಸಿ ಹಾಕಿದ. ಉಮಾಶ್ರೀ ಒಲೆ ಹಚ್ಚಿ ಕಡುಬಿಗೆ ಬೇಳೆ ಇಟ್ಟಳು. ಹತ್ತೇ ನಿಮಿಷಕ್ಕೆ ಗ್ಯಾಸು ಖಾಲಿಯಾಯಿತು, ಸಿಲಿಂಡರು ಹಿಂದಕ್ಕೆ ಹೋದದ್ದು ಆಗ ಗೊತ್ತಾಯಿತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಮಹಾಂತಮ್ಮ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿದಳು. ಬೆಂಕಿ ಹತ್ತಿಸಲು ಒಣ ಕಟ್ಟಿಗೆ ಬೇಕಾಯಿತು. ಆಕೆ ಸುತ್ತ ನೋಡಿ, ಒಂದು ಕ್ಷಣ ತಡೆದು, ಬಚ್ಚಲದ ಹಿಂದಿನ ಮಲ್ಲಿಗೆ ಕಟ್ಟಿಗೆಯನ್ನೇ ಕಿತ್ತು ತಂದು ಒಲೆಗಿಟ್ಟಳು. “ಮುಂದಿನ ಸಲ ಬೇರೆ ತರ್ತೀನಿ,” ಎಂದಳು. “ಎರಡು ಕವಲಿಂದು. ಬದಲಿ ಮಾಡಿದ್ರ ನನಗ ತಿಳೀತದ ಮತ್ತ.” ಬುಡ ಹಸಿಯಾಗಿದ್ದರಿಂದ ಕಟ್ಟಿಗೆ ಬಹಳ ಹೊಗೆ ಹಾಕಿತು. ಆ ಹೊಗೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕಣ್ಣೊರೆಸಿಕೊಂಡರು. ಹೊಗೆಯಿಂದಲೇ ಇರಬೇಕು.

ಎಲ್ಲರೂ ಹುಲ್ಲಿನ ನೆರಳಿಗೆ ಹಾಸಿದ ಜಮಖಾನದ ಮೇಲೆ ಊಟಕ್ಕೆ ಕುಳಿತರು. ಗಾಳಿ ಬಂತು. ಏಳೂ ಗುಂಪುಗಳು ಕೂಡಿ ಬಾಗಿ, ಹಿರಿಯರ ತಲೆ ಸವರಿ, ಕೂಡಿ ಎದ್ದವು.

“ಚೆಂದದ ಬಿಡ್ರಿ,” ಎಂದ ಎರಡನೆಯ ಹಿರಿಯ. ಅದು ಅವನ ಸ್ವಂತ ಮಾತು.

ಅಷ್ಟರಲ್ಲಿ ಗೇಟು ಸದ್ದಾಯಿತು. ಗುಲಾಮ್ ದಸ್ತಗೀರರು ಬಿಳಿ ಜುಬ್ಬಾ ಹಾಕಿಕೊಂಡು, ಅತ್ತರು ಹಚ್ಚಿಕೊಂಡು, ಕೈಯಲ್ಲಿ ತೊಳೆದ ಸ್ಟೀಲಿನ ಕ್ಯಾನು ಹಿಡಿದು ನಿಂತಿದ್ದರು. ಟಂಟಂ ನೋಡಿದರು, ಕ್ರೂಸರ್ ನೋಡಿದರು, ಹೆಗಲ ಮೇಲೆ ಟವೆಲ್ಲಿನ ಹಿರಿಯರನ್ನು ನೋಡಿದರು, ಕಡೆಗೆ ತೃಪ್ತಿಯಿಂದ ಚನ್ನವೀರನ ಬೆನ್ನು ತಟ್ಟಿದರು.

“ಇಷ್ಟ್ ಮಂದಿ ಬಂದು ಇಳಿಸ್ಯಾರಂದ್ರ ದೊಡ್ಡದೇ ಇರಬೇಕು,” ಎಂದರು. “ಎಲ್ಲಿ ಕಟ್ಟೀರಿ? ಗಿಣ್ಣದ ಹಾಲು ಒಂಚೂರು ನಮ್ಮ ಕ್ಯಾನಿಗೂ ಬೀಳ್ಲಿ.”